ಒಂಬತ್ತು ಹೋದವು, ಎಣಿಸಿ ಇಟ್ಕೋ

ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿನ ಕಡೆ ಹೊರಟರೆ ನಡುವೆ ರಾಜೇಶ್ವರ ಸಿಗುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಈ ಊರಿಗೆ ವಾಯುಪಡೆಯ ಚರಿತ್ರೆಯಲ್ಲೊಂದು ಜಾಗವಿದೆ ಎಂಬುದು ಆ ದಾರಿಯ ಬಸ್ಸುಗಳಲ್ಲಿ ಓಡಾಡುವ ಎಷ್ಟು ಮಂದಿಗೆ ಗೊತ್ತಿದೆಯೋ. 1948ರ ಸೆಪ್ಟೆಂಬರ್ 13ರಂದು ನಳದುರ್ಗದ ಬಳಿ ನಿಜಾಮನ ರಾಜ್ಯದೊಳಕ್ಕೆ ಬಂದ ಭಾರತದ ಸೈನ್ಯ ಉಮರ್ಗಾದಲ್ಲಿ ತಂಗಿ, ಮರುದಿನ ರಾಜೇಶ್ವರಕ್ಕೆ ಹೊರಟಿತ್ತು. ದಾರಿಯಲ್ಲಿ ಹೊಂಚು ಹಾಕಿ ಕೂತವರಿದ್ದಾರೆ ಎಂದು ಮೇಲಿನಿಂದ ನೋಡಿ ಬಂದ ವಿಮಾನಗಳು ಸುದ್ದಿ ಕೊಟ್ಟವು. ಟೆಂಪೆಸ್ಟ್ ವಿಮಾನಗಳನ್ನು ಕರೆಸಿದರು. ಅವು ದಾರಿ ಬಿಡಿಸಿಕೊಟ್ಟವು, ಮಧ್ಯಾಹ್ನದ ಹೊತ್ತಿಗೆ ಸೈನ್ಯ ರಾಜೇಶ್ವರದಲ್ಲಿತ್ತು. 17ರ ಬೆಳಿಗ್ಗೆ ಬೀದರ್ ಸೇರಿತು.

ನೆಲದ ಮೇಲೆ ನಡೆಯುವ ಸೈನಿಕನಿಗೆ ಮೇಲಿನಿಂದ ಆಸರೆಯಾಗುವ ವಿಮಾನ ಎಂದರೇನೆಂದು ನಮ್ಮ ಸೀಮೆಯವರು ಕಂಡದ್ದು ಹಾಗೆ. ಮೂತಿಗೆ ಪಂಖವಿದ್ದ ವಿಮಾನ ಅದು, ರೆಕ್ಕೆಗಳಲ್ಲಿ ನಾಲ್ಕು 20 ಎಂ.ಎಂ. ತೋಪು. ಅದೇ ವರ್ಷದ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಿಜಾಮನ ಪರದ ರಜಾಕಾರರು ಮಾಡಿದ ಹತ್ಯಾಕಾಂಡವನ್ನು ಕಂಡವರಿಗೆ ಆ ಗುಡುಗು ಬಿಡುಗಡೆಯ ಗುಡುಗು. ಆಮೇಲಿನ ವಾರಗಳಲ್ಲಿ ಇದೇ ಬೀದರ್ ಜಿಲ್ಲೆಯ ಮುಸ್ಲಿಮರ ಓಣಿಗಳಲ್ಲಿ ಆದ ಅನಾಹುತವನ್ನು ಮಾತ್ರ ಸೆಪ್ಟೆಂಬರ್ 17ರ ವಿಮೋಚನಾ ದಿನದ ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ. ನೆನಪು ಅಂದ ಮೇಲೆ ಎರಡೂ ಬರಬೇಕು.

ಟೆಂಪೆಸ್ಟ್ ಹೆಚ್ಚು ದಿನ ಬಾಳಲಿಲ್ಲ. ಜೆಟ್ ಬಂತು, ಐವತ್ತರ ದಶಕದಲ್ಲೇ ಅದು ಮೂಲೆ ಸೇರಿತು. ಒಂದನ್ನು ಈಗಲೂ ದಿಲ್ಲಿಯ ಪಾಲಂ ಸಂಗ್ರಹಾಲಯದಲ್ಲಿ ನೋಡಬಹುದು.

ನನ್ನ ತಲೆಮಾರಿನ ಪಾಲಿಗೆ ಬಂದದ್ದು ಕಿರಣ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1964ರ ಸೆಪ್ಟೆಂಬರ್ 4ರಂದು. ಕೆಲಸ ಹುಡುಗರಿಗೆ ಹಾರಾಟ ಕಲಿಸುವುದು, ಅದಕ್ಕೇ ಗುರು–ಶಿಷ್ಯರಿಬ್ಬರೂ ಅಕ್ಕಪಕ್ಕದಲ್ಲೇ ಕೂರುವಂತೆ ಮಾಡಿದ್ದರು. 1976ರಲ್ಲಿ ಹಾರಿದ ಮಾರ್ಕ್ 2 ಸ್ವಲ್ಪ ಬೇರೆ. ಮೂತಿಯಲ್ಲಿ ಎರಡು 7.62 ಎಂ.ಎಂ. ಮಷಿನ್ ಗನ್, ರೆಕ್ಕೆಗಳ ಕೆಳಗೆ ರಾಕೆಟ್, ಬಾಂಬು ತೂಗಿಸಲು ನಾಲ್ಕು ಕಡೆ ಜಾಗ. ಕಲಿಸುವುದರ ಜೊತೆಗೆ, ಹೊತ್ತು ಬಂದರೆ ನೆಲದ ದಾಳಿಗೂ ಇರಲಿ ಎಂಬ ಲೆಕ್ಕಾಚಾರ. ಅದರ ಹೊಟ್ಟೆಯೊಳಗಿದ್ದದ್ದು ಆರ್ಫಿಯಸ್ ಇಂಜಿನ್. ಎಚ್‌ಎಎಲ್‌ನದೇ ನೆಲದಾಳಿ ವಿಮಾನ ಮರುತ್‌ಗೂ ಇದೇ ಬಳಗದ ಇಂಜಿನ್ ಎರಡು ಹಾಕಿದ್ದರು. ಅಷ್ಟು ಚೆಂದದ ವಿಮಾನಕ್ಕೆ ಆ ಬಲ ಸಾಲಲಿಲ್ಲ, ಬೇರೆ ಇಂಜಿನ್ ಸಿಗಲಿಲ್ಲ, 1990ಕ್ಕೆ ಅದರ ಕಥೆ ಮುಗಿಯಿತು. ಹಗುರ ಮೈಯ ಕಿರಣ್‌ಗೆ ಅದು ಸಾಕಾಯಿತು.

1996ರಲ್ಲಿ ಬೀದರಿನಲ್ಲಿ ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯ ಕಿರಣ್ ತಂಡ ಕಟ್ಟಿದರು. ಬಂದೂಕು ಹೊರಲು ತಯಾರಾದ ಅದೇ ಮಾರ್ಕ್ 2ಕ್ಕೆ ಕೆಂಪು–ಬಿಳಿ ಬಣ್ಣ ಬಳಿದು ಆಟ ಆಡಿಸಿದರು. ದೇಶದವರೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಿದರು, ನಾವು ಟಿಕೆಟ್ಟಿಲ್ಲದೆ, ಅಭ್ಯಾಸದ ಸಮೇತ ನೋಡಿದೆವು. ಹುಮನಾಬಾದಿಗೂ ಬೀದರಿಗೂ ಐವತ್ತು ಕಿಲೋಮೀಟರಿನ ಆಸುಪಾಸು. ಜೆಟ್ಟಿಗೆ ಅದೇನು ದೂರ? ಉದ್ದು, ಹೆಸರು ಕೀಳುವ ದಿನಗಳಲ್ಲಿ ಮಳೆ ತೊಳೆದ ಆಕಾಶದ ಅಂಚಿನಲ್ಲಿ ಮೊದಲು ಚುಕ್ಕೆಗಳು ಕಾಣುತ್ತಿದ್ದವು, ಆಮೇಲೆ ಸದ್ದು. ನಾನು ಬುಟ್ಟಿ ಬಿಟ್ಟು ನಿಲ್ಲುತ್ತಿದ್ದೆ.

"ಏ, ಮ್ಯಾಲ ನೋಡ್ಕೋತ ನಿಂತ್ರ ಉದ್ದ್ ಯಾರ್ ಕೀಳ್ತಾರ?"

"ಮುತ್ಯಾ, ಒಂಬತ್ತು ಅದಾವ!"

"ಒಂಬತ್ತು ಹೋದ್ವು ಅಂದ್ರ ಒಂಬತ್ತು ತಿರುಗಿ ಬರ್ಬೇಕು. ಎಣಿಸಿ ಇಟ್ಕೋ."

ಮುತ್ಯಾ ಹಾಗೆ ಅಂದದ್ದು ಸುಮ್ಮನೆ ಅಲ್ಲ. ಸಣ್ಣವನಿದ್ದಾಗ ಟೆಂಪೆಸ್ಟಿನ ಸದ್ದಿಗೆ ಜೋಳದ ಹೊಲದಲ್ಲಿ ಬೋರಲು ಬಿದ್ದವರು ಅವರು. ವಿಮಾನ ಅಂದರೆ ಅವರಿಗೆ ಆಟವಲ್ಲ, ಒಳಗೆ ಒಬ್ಬ ಮನುಷ್ಯ ಕೂತಿದ್ದಾನೆ ಎನ್ನುವುದನ್ನು ಒಮ್ಮೆಯೂ ಮರೆಯುತ್ತಿರಲಿಲ್ಲ. 2006ರ ಮಾರ್ಚಿನಲ್ಲಿ ಬೀದರ್ ಬಳಿ ಅಭ್ಯಾಸದಲ್ಲಿದ್ದ ಒಂದು ಕಿರಣ್ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. 2009ರ ಜನವರಿಯಲ್ಲಿ ಮತ್ತೊಂದು ಬಿತ್ತು, ವಿಂಗ್ ಕಮಾಂಡರ್ ಒಬ್ಬರು ಹೋದರು. ಆ ದಿನಗಳಲ್ಲಿ ಹುಮನಾಬಾದಿನ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹೆಸರು ಗೊತ್ತಿಲ್ಲದ ಪೈಲಟ್‌ನನ್ನು ನಮ್ಮ ಜನ ಮನೆಯವನಂತೆ ಮಾತಾಡಿಕೊಂಡರು.

2011ರ ಫೆಬ್ರವರಿಯ ಏರೋ ಇಂಡಿಯಾ ಪ್ರದರ್ಶನದ ನಂತರ ಕೆಂಪು ಕಿರಣ್‌ಗಳ ಆಟ ನಿಂತಿತು. ಕಾರಣ ಅಪಘಾತವಲ್ಲ, ಮೇಷ್ಟ್ರುಗಳ ಕೊರತೆ. ಮೊದಲ ಪಾಠ ಕಲಿಸುತ್ತಿದ್ದ ಎಚ್‌ಪಿಟಿ–32 ವಿಮಾನಗಳನ್ನು 2009ರಲ್ಲಿ ನೆಲಕ್ಕಿಳಿಸಿದ್ದರಿಂದ, ಆಟದ ಕಿರಣ್‌ಗಳನ್ನೂ ಪಾಠಕ್ಕೆ ಕರೆಯಬೇಕಾಯಿತು. ಬೀದರಿಗೆ 2008ರಲ್ಲೇ ಹಾಕ್ ಎಂಬ ಹೊಸ ತರಬೇತಿ ಜೆಟ್ ಬಂದಿತ್ತು. 2015ರಲ್ಲಿ ಸೂರ್ಯ ಕಿರಣ್ ತಂಡ ಮತ್ತೆ ಎದ್ದಾಗ ಹೆಸರು ಮಾತ್ರ ಕಿರಣ್, ವಿಮಾನ ಹಾಕ್. ಚೆನ್ನಾಗಿಯೇ ಹಾರುತ್ತದೆ, ಚೂಪು ಮೂತಿ, ಚುರುಕು ಮೈ. ಆದರೂ ಆ ದುಂಡು ತಲೆಯ, ಅಕ್ಕಪಕ್ಕ ಇಬ್ಬರು ಕೂತ ವಿಮಾನವೇ ನನ್ನ ಕಣ್ಣಿಗೆ ಕಟ್ಟಿದೆ. ಇದಕ್ಕೆ ತಾರ್ಕಿಕ ಕಾರಣ ಕೇಳಬೇಡಿ.

ಕಣ್ಣಿಗೆ ಕಟ್ಟಿದೆ ಎಂದು ಹಾರಿಸುತ್ತಲೇ ಇರಬೇಕೇ? ಇಲ್ಲಿ ನಾನು ಮುತ್ಯಾನ ಕಡೆ. ಕಿರಣ್‌ನ ಜಾಗಕ್ಕೆಂದು ಎಚ್‌ಎಎಲ್ ಮಾಡಿದ ಸಿತಾರಾ ಮೊದಲು ಹಾರಿದ್ದು 2003ರಲ್ಲಿ. 2025ರಲ್ಲಿ ಅದಕ್ಕೆ ಯಶಸ್ ಎಂದು ಹೊಸ ಹೆಸರಿಟ್ಟರು. ನಡುವಿನ ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದು ಯಾರು? ಅರವತ್ತರ ದಶಕದಲ್ಲಿ ಹುಟ್ಟಿದ ಈ ಕಿರಣ್ ಬಳಗವೇ. ಹಳೆಯ ವಿಮಾನ ಗಟ್ಟಿಯಾಗಿದೆ ಎಂದು ನಾವು ಹೊಗಳುವಾಗ, ಹೊಸದನ್ನು ಹೊತ್ತಿಗೆ ತರದವರು ಆ ಹೊಗಳಿಕೆಯ ನೆರಳಿನಲ್ಲಿ ಹಾಯಾಗಿ ಕೂತಿರುತ್ತಾರೆ. ನನ್ನ ಸಿಟ್ಟು ಅದರ ಮೇಲೆ.

ಜಾಗ್ವಾರ್‌ನ ಪಾಡು ಇನ್ನೂ ಬಿಗಿ. ನೆಲಕ್ಕೆ ಸಮೀಪ ಹಾರಿ ಶತ್ರುವಿನ ಮೇಲೆ ಎರಗುವುದಕ್ಕೆಂದೇ 1979ರಲ್ಲಿ ತಂದದ್ದು, ಆಮೇಲೆ ಬೆಂಗಳೂರಿನಲ್ಲೇ ಕಟ್ಟಿದ್ದು. ಬ್ರಿಟನ್ ಬಿಟ್ಟಿತು, ಫ್ರಾನ್ಸ್ ಬಿಟ್ಟಿತು, ಒಮಾನ್ ಬಿಟ್ಟಿತು. ಇಂದು ಹಾರಿಸುತ್ತಿರುವವರು ನಾವು ಮಾತ್ರ. ಹೊಸ ಇಂಜಿನ್ ಹಾಕುವ ಯೋಜನೆ ವರ್ಷಗಟ್ಟಲೆ ಚರ್ಚೆಯಾಗಿ 2019ರಲ್ಲಿ ಬಿದ್ದುಹೋಯಿತು. ಬಿಡಿಭಾಗಕ್ಕೆ ಫ್ರಾನ್ಸ್ ಕೈಬಿಟ್ಟ 31 ಹಳೆಯ ಜಾಗ್ವಾರ್‌ಗಳನ್ನು ತರಿಸುವ ಏರ್ಪಾಡಾಯಿತು. ಸಸ್ತಾಪುರ ಬಂಗ್ಲಾದ ಮಿಸ್ತ್ರಿಗಳಿಗೆ ಈ ವಿದ್ಯೆ ಹೊಸದಲ್ಲ: ಒಂದು ಲಾರಿ ಬಿಚ್ಚಿ ಇನ್ನೆರಡು ಓಡಿಸುತ್ತಾರೆ. ಆದರೆ ಲಾರಿ ಕೈಕೊಟ್ಟರೆ ಹೆದ್ದಾರಿ ಬದಿಗೆ ನಿಲ್ಲಿಸಿ, ಕಲ್ಲು ಕೊಟ್ಟು, ಡ್ರೈವರ್ ಇಳಿದು ಬೀಡಿ ಹಚ್ಚಬಹುದು. 2025ರಲ್ಲಿ ಸುಮಾರು ನಾಲ್ಕು ತಿಂಗಳಲ್ಲಿ ಮೂರು ಜಾಗ್ವಾರ್ ಬಿದ್ದವು, ಮೂವರು ಪೈಲಟ್‌ಗಳು ಸತ್ತರು. ಪ್ರತಿ ಅಪಘಾತಕ್ಕೂ ವಯಸ್ಸೇ ಕಾರಣ ಎಂದು ನಾನು ಹೇಳುತ್ತಿಲ್ಲ, ಅದು ತನಿಖೆಯವರ ಕೆಲಸ. ಬದಲಿ ಸಿದ್ಧವಿದ್ದೂ ಇಟ್ಟುಕೊಳ್ಳುವುದು ಬೇರೆ, ಬದಲಿ ಇಲ್ಲವೆಂದು ಇಟ್ಟುಕೊಳ್ಳುವುದು ಬೇರೆ ಎನ್ನುವುದಷ್ಟೇ ನನ್ನ ಮಾತು.

ಅಮೆರಿಕದವರಿಗೂ ಈ ಪೇಚು ತಪ್ಪಿಲ್ಲ. ಅವರ ಎ–10 ನೆಲದ ಸೈನಿಕರ ಮುದ್ದಿನ ವಿಮಾನ. ಸಾಕು ಎಂದು ವಾಯುಪಡೆ ಹೇಳಿದಾಗಲೆಲ್ಲ ಅಲ್ಲಿನ ಸಂಸತ್ತು ವರ್ಷಾನುಗಟ್ಟಲೆ ಅಡ್ಡ ಬಂತು. ಕೆಳಗೆ ನಿಂತು ಗುಂಡು ತಿನ್ನುವವನ ಮಾತಿಗೂ ತೂಕವಿದೆ, ಒಪ್ಪುತ್ತೇನೆ. ರಾಜೇಶ್ವರದ ದಾರಿಯಲ್ಲಿ ನಡೆದ ಸಿಪಾಯಿಯನ್ನು ಕೇಳಿದ್ದರೆ ಟೆಂಪೆಸ್ಟ್ ಇರಲಿ ಎಂದೇ ಹೇಳುತ್ತಿದ್ದ. ಆದರೆ ಅವನಿಗೆ ಬೇಕಿದ್ದದ್ದು ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ಬರುವ ವಿಮಾನ. ಅದರ ಹೆಸರು ಟೆಂಪೆಸ್ಟೇ ಆಗಬೇಕೆಂದೇನೂ ಇರಲಿಲ್ಲ.

ಹಾಗಾಗಿ ಕಿರಣ್ ಹೋಗಲಿ. ಹೋಗುವ ರೀತಿ ಮಾತ್ರ ಕಡತದಲ್ಲಿ ಸಹಿ ಬಿದ್ದಂತೆ ಇರಬಾರದು. ಮಿಗ್–27ಕ್ಕೆ 2019ರ ಡಿಸೆಂಬರ್ 27ರಂದು ಜೋಧಪುರದಲ್ಲಿ ಬೀಳ್ಕೊಡುಗೆ ಆಯಿತು. ಮಿಗ್–21ಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಂತ್ರಿಗಳು, ಮುದಿ ಪೈಲಟ್‌ಗಳು, ಕ್ಯಾಮೆರಾಗಳು ಎಲ್ಲ ಸೇರಿದ್ದವು. ಯುದ್ಧ ಮಾಡಿದವಕ್ಕೆ ಮೆರವಣಿಗೆ, ಯುದ್ಧ ಮಾಡುವವರನ್ನು ತಯಾರು ಮಾಡಿದ್ದಕ್ಕೆ ಏನೂ ಇಲ್ಲವೆಂದರೆ ಹೇಗೆ? ಕೊನೆಯ ಕಿರಣ್‌ಗಳು ಬೀದರಿನಿಂದ ಎದ್ದು ಹುಮನಾಬಾದ್, ರಾಜೇಶ್ವರ, ಬಸವಕಲ್ಯಾಣದ ಮೇಲೊಂದು ಸುತ್ತು ಹಾಕಲಿ, ತಾರೀಕನ್ನು ಒಂದು ವಾರ ಮೊದಲು ಪೇಪರಿನಲ್ಲಿ ಹಾಕಿಸಲಿ. ಜನ ಸೇರಿಸಲು ವಾಯುಪಡೆ ಕಷ್ಟಪಡಬೇಕಿಲ್ಲ. ಸಸ್ತಾಪುರ ಬಂಗ್ಲಾದಲ್ಲಿ ಲಾರಿಗಳಿವೆ, ಲಾರಿಗಳ ಮೇಲೆ ಜಾಗವಿದೆ, ಹುರಿದ ಶೇಂಗಾ ನಾವೇ ಕಟ್ಟಿಕೊಂಡು ಬರುತ್ತೇವೆ.