ಪಿಎಚ್.ಡಿ. ಮಾಡೋಣವೋ ಬೇಡವೋ: ನಮ್ಮ ಮನೆ ಲೆಕ್ಕ

ಎಂ.ಎಡ್. ಮುಗಿಸಿದವರಿಗೆ ಊರಲ್ಲಿ ಎದುರಾಗುವ ಪ್ರಶ್ನೆ ಒಂದೇ: ‘ಮುಂದೆ ಪಿಎಚ್.ಡಿ. ಮಾಡಲ್ವೇನ್ರೀ?’ ನಮ್ಮ ಮನೆಯಲ್ಲೂ ವರ್ಷದಿಂದ ಇದೇ ಮಾತು. ನಮ್ಮಿಬ್ಬರಲ್ಲಿ ಒಬ್ಬರು ಖಾಸಗಿ ಹೈಸ್ಕೂಲಿನ ಟೀಚರ್. ಇನ್ನೊಬ್ಬರು ಪತ್ರಿಕೆಗೆ ಸುದ್ದಿ ಕಳಿಸಿ, ಅಚ್ಚಾದ ಸುದ್ದಿಗೆ ಇಷ್ಟು ಎಂದು ದುಡ್ಡು ಎಣಿಸುವವರು. ಓದುವುದು ಟೀಚರಮ್ಮನಾದರೂ ತೀರ್ಮಾನ ಇಬ್ಬರದು.

ಮೊದಲು ನೌಕರಿಯ ಲೆಕ್ಕ ಹಾಕಿದೆವು. ಸರ್ಕಾರಿ ಹೈಸ್ಕೂಲಿಗೆ ಡಾಕ್ಟರೇಟ್ ಬೇಡ, ಪದವಿಯ ಜೊತೆ ಬಿ.ಎಡ್. ಇರಬೇಕು. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ 2023ರ ಜುಲೈನಿಂದ ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ. ಬರೀ ನೌಕರಿಗಾದರೆ ಕೆ-ಸೆಟ್ ಹತ್ತಿರದ ದಾರಿ.

ಆಮೇಲೆ ವರ್ಷ ಮತ್ತು ದುಡ್ಡು. ಯುಜಿಸಿಯ 2022ರ ನಿಯಮದಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6. ಜೆಆರ್‌ಎಫ್ ಸಿಕ್ಕರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಆದರೆ ಅದಕ್ಕೆ ವಯಸ್ಸು 30 ದಾಟಿರಬಾರದು. ಮಹಿಳೆಯರಿಗೆ 5 ವರ್ಷ ಸಡಿಲಿಕೆ ಇದೆ. ಟೀಚರಮ್ಮನಿಗೆ ಈಗ 33. ಪರೀಕ್ಷೆ ವರ್ಷಕ್ಕೆ ಎರಡು ಸಲ, ಉಳಿದ ಅವಕಾಶ ನಾಲ್ಕೈದು ಅಷ್ಟೇ.

ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಮಾಡಬಹುದು. ಅದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಪತ್ರ ಬೇಕು, ಕೋರ್ಸ್‌ವರ್ಕ್‌ಗೆ ಬಿಡುವನ್ನೂ ಕೊಡಬೇಕು. ಒಂದು ದಿನದ ರಜೆಗೇ ಮುಖ ಗಂಟಿಕ್ಕುವವರನ್ನು ಇದನ್ನು ಕೇಳುವುದು ಹೇಗೆ? ‘ಮನೆಯಲ್ಲೇ ಕೂತು ಪಿಎಚ್.ಡಿ.’ ಎಂಬ ಜಾಹೀರಾತು ನಂಬಬೇಡಿ. ದೂರಶಿಕ್ಷಣದ, ಆನ್‌ಲೈನಿನ ಪಿಎಚ್.ಡಿ.ಗೆ ಯುಜಿಸಿ ಅನುಮತಿ ಇಲ್ಲ.

ಇಷ್ಟೆಲ್ಲ ಕಳೆದರೂ ಒಂದು ಪ್ರಶ್ನೆ ಉಳಿಯಿತು. ದೀಪಾವಳಿ ಹೊತ್ತಿಗೆ ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಹೋಗುವ ಮಕ್ಕಳು ಯುಗಾದಿ ಹೊತ್ತಿಗೆ ತಿರುಗಿ ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಅವರನ್ನು ಮತ್ತೆ ತರಗತಿಯ ಜೊತೆ ಸೇರಿಸುವುದು ಹೇಗೆ? ಇದರ ಬಗ್ಗೆ ನಾವು ಹತ್ತು ಸಾಲಿನ ಸುದ್ದಿ ಬರೆದಿದ್ದೇವೆ, ಮರುದಿನ ಅದು ಮಂಡಕ್ಕಿ ಪೊಟ್ಟಣವಾಗಿದೆ. ಮೂರು ವರ್ಷ ಅದೇ ಮಕ್ಕಳ ಬೆನ್ನು ಹತ್ತಿದರೆ ಮಾತ್ರ ಉತ್ತರ ಸಿಗಬಹುದು. ಟೀಚರಮ್ಮನಿಗೆ ಪಿಎಚ್.ಡಿ. ಬೇಕೆನಿಸಿದ್ದೂ ಇದಕ್ಕೇ.

ಕೊನೆಗೆ ಹೀಗೆ ತೀರ್ಮಾನಿಸಿದ್ದೇವೆ: ಮುಂದಿನ ಎರಡು ವರ್ಷ ನೆಟ್, ಕೆ-ಸೆಟ್ ಎರಡೂ ಬರೆಯುವುದು. ಜೆಆರ್‌ಎಫ್ ಬಂದರೆ ಕೆಲಸ ಬಿಟ್ಟು ಪೂರ್ಣಾವಧಿ ಸಂಶೋಧನೆ. ಬರದಿದ್ದರೆ ಸಾಲ ಮಾಡಿ ಪಿಎಚ್.ಡಿ. ಮಾಡುವುದಿಲ್ಲ.

ನಿಮ್ಮ ಮನೆಯಲ್ಲೂ ಈ ಮಾತು ನಡೆದಿದ್ದರೆ, ಯಾವ ವಿಶ್ವವಿದ್ಯಾಲಯ ಎಂದು ಹುಡುಕುವ ಮೊದಲು ನಿಮ್ಮ ಪ್ರಶ್ನೆ ಯಾವುದೆಂದು ಒಂದು ಸಾಲಿನಲ್ಲಿ ಬರೆದು ನೋಡಿ. ಆ ಸಾಲು ಹೊಳೆಯದಿದ್ದರೆ ಅರ್ಜಿ ಶುಲ್ಕ ಉಳಿಸಿಕೊಳ್ಳಿ.