ಹಕ್ಕಿಗಳಿಗೆ ರಜೆಯೇ?

ಹಲಸಿನ ಕಾಲದಲ್ಲಿ ಚೇಳೂರಿನ ಸಂತೆಗೆ ಹೋಗುವವರು ಯಾರನ್ನೂ ದಾರಿ ಕೇಳಬೇಕಾಗಿಲ್ಲ; ಮೂಗು ಇದ್ದರೆ ಸಾಕು. ಕಳೆದ ವರ್ಷ ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದೆನು. ತೊಳೆ ತಿಂದು ಮುಗಿದ ಮೇಲೆ ನಮ್ಮ ಎರಡು ಎಕರೆ ನೀಲಗಿರಿ ತೋಪನ್ನು ತೋರಿಸಿದೆನು. ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲು ಸಾಲು ಮರಗಳು. ನನಗೆ ಹೆಮ್ಮೆ. ಹುಡುಗನು ಸ್ವಲ್ಪ ಹೊತ್ತು ಮೇಲೆ ನೋಡಿ, "ತಾತ, ಇಲ್ಲಿ ಹಕ್ಕಿಗಳಿಗೆಲ್ಲ ರಜೆಯೇ?" ಎಂದನು.

ನಾನು ಉತ್ತರಕ್ಕೆ ತಡಕಾಡುತ್ತಿರಲು, ಹೊಲ ನೋಡಿಕೊಳ್ಳುವ ಹಿರಿಯರೇ ಹೇಳಿದರು: "ಅವಕ್ಕೆ ಇಲ್ಲಿ ತಿನ್ನಾಕೆ ಏನೈತೆ ಮಗ? ಗೂಡು ಕಟ್ಟಾಕೆ ಕವಲು ಎಲ್ಲೈತೆ?"

ಮೊದಲು ಆ ನೆಲದಲ್ಲಿ ಹಿಪ್ಪೆ, ಹೊಂಗೆ, ಅತ್ತಿ, ಬೇವು ಇದ್ದುವು. ಅವನ್ನು ಕಡಿಸಿದವನು ನಾನೇ. ನೌಕರಿ ಬೆಂಗಳೂರಿನಲ್ಲಿ; ನೀಲಗಿರಿಗೆ ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನಾನು ಗುಣವೆಂದು ಎಣಿಸಿದ್ದೇ ದೋಷವೆಂದು ತಿಳಿಯಲು ಮೊಮ್ಮಗನು ಬರಬೇಕಾಯಿತು. ದನ ಒಲ್ಲದ ಎಲೆ ನಮ್ಮ ನೆಲದ ಹುಳುಗಳಿಗೂ ಅಷ್ಟಾಗಿ ಒಗ್ಗದು. ಹುಳುವಿಲ್ಲದಲ್ಲಿ ಹಕ್ಕಿಗೇನು ಕೆಲಸ? ಉದುರಿದ ತರಗು ಬೇಗ ಕೊಳೆಯದು. ಅದರಡಿ ಬೇರೆ ಸಸಿ ಏಳುವುದೂ ಅಪರೂಪ.

1983ರಲ್ಲಿ ನಮ್ಮ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಹುಣಿಸೆ ಮಾವುಗಳ ಬೀಜ ನೆಟ್ಟರು. ದುಡುಕೆಂದು ಅಂದು ನಾನು ನಕ್ಕಿದ್ದೆನು. ಆದರೆ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಆ ಹುಣಿಸೆಯ ಮೇಲೆಯೇ. ತುಮಕೂರಿನ ಬಳಿಯ ನಾಗವಲ್ಲಿಯಲ್ಲಿ ಕಾಡುಪಾಪಗಳಿವೆ. ದೊಡ್ಡ ಕಣ್ಣಿನ ಈ ಇರುಳುಜೀವಿಗೆ ನೆಗೆಯಲು ಬಾರದು. ಕೊಂಬೆಯಿಂದ ಕೊಂಬೆಗೆ ಕೈಚಾಚಿ ನಡೆಯುತ್ತ ಇರುವೆ, ಹುಳುಗಳನ್ನು ಹಿಡಿದು ತಿನ್ನುತ್ತದೆ. ಕೊಂಬೆಗಳು ಒಂದನ್ನೊಂದು ಮುಟ್ಟದ ನನ್ನ ತೋಪಿನಲ್ಲಿ ಅದು ಎಲ್ಲಿಂದ ಎಲ್ಲಿಗೆ ಹೋದೀತು?

ನೀಲಗಿರಿಯನ್ನು ಬೈದು ಪಾಪ ಕಟ್ಟಿಕೊಳ್ಳಲಾರೆ. ಅದರ ಹೂವಿಗೆ ಜೇನು ಬರುತ್ತದೆ. ಅದರ ಹಣದಿಂದ ನನ್ನ ಮನೆಯಲ್ಲಿ ಒಂದು ಮದುವೆಯೂ ಆಗಿದೆ. ತಪ್ಪು ಮರದ್ದಲ್ಲ, ಮರವಿದ್ದಲ್ಲೆಲ್ಲ ಕಾಡಿದೆಯೆಂಬ ನನ್ನ ಲೆಕ್ಕದ್ದು.

2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ಬುಡಗಳು ಮಾತ್ರ ಆಜ್ಞೆ ಓದುವುದಿಲ್ಲ, ಚಿಗುರುತ್ತಲೇ ಇರುತ್ತವೆ. ಈ ಸಲ ಮರ ಕಡಿಸಿದ ಮೇಲೆ ಬುಡಗಳನ್ನೂ ಕೀಳಿಸಿದೆನು. ಬಂದ ಹಣದಲ್ಲಿ ಬಹುಪಾಲು ಅದಕ್ಕೇ ಹೋಯಿತು. ಮನೆಯವರು ಎರಡು ದಿನ ಮಾತು ಬಿಟ್ಟರು. ಹಿಪ್ಪೆ, ಹೊಂಗೆ, ಅತ್ತಿಯ ಸಸಿಗಳ ನಡುವೆ, ಮೊಮ್ಮಗನು ಜೇಬಿನಲ್ಲಿಟ್ಟುಕೊಂಡಿದ್ದ ಚೇಳೂರಿನ ಹಲಸಿನ ಬೀಜವೂ ಒಂದು ಮಣ್ಣು ಸೇರಿತು.

ಮೊನ್ನೆ ಅವನು ಫೋನಿನಲ್ಲಿ ಕೇಳಿದನು: "ತಾತ, ಹಕ್ಕಿ ಬಂತೇ?"

"ಇನ್ನೂ ಇಲ್ಲಪ್ಪ," ಎಂದೆನು. "ಇರುವೆ ಬಂದಿದೆ."