ಶೇಂಗಾ ಅಂದರೆ ಕಡ್ಲೆಕಾಯಿ

ಹೋದ ಕಾರ್ತಿಕದಲ್ಲಿ ಮಗ ಬೆಂಗಳೂರಿನಿಂದ ಫೋನು ಮಾಡಿದ. "ಅವ್ವಾ, ಬರೋ ಸೋಮವಾರ ಇಲ್ಲಿ ಕಡ್ಲೆಕಾಯಿ ಪರಿಷೆ ಐತಿ, ಬಾ. ಬಂದಮ್ಯಾಲೆ ಅಪ್ಪನ್ನೂ ಕರಿಸ್ತೀನಿ, ಇಬ್ಬರೂ ಇಲ್ಲೇ ಇದ್ದುಬಿಡ್ರಿ" ಅಂದ.

ಇರುವ ಮಾತು ಹಾಗಿರಲಿ, ಮೊದಲು ನನ್ನ ತಲೆ ಕೆಡಿಸಿದ್ದು ಕಡ್ಲೆಕಾಯಿ. ನಮ್ಮದು ನವಲಗುಂದದ ಕಡೆಯ ಹಳ್ಳಿ, ಎರೆಭೂಮಿ. ಹಿಂಗಾರಿಯ ಕಡಲೆ ಹೊಲದಲ್ಲಿ ಆಗಿನ್ನೂ ಗೇಣುದ್ದ ಎದ್ದಿತ್ತು. ಕಾಯಿ ಹಿಡಿಯಲು ಬಹಳ ದಿನ ಬೇಕು. ಬೆಂಗಳೂರಿನವರಿಗೆ ಕಾರ್ತಿಕದಲ್ಲೇ ಕಡ್ಲೆಕಾಯಿ ಎಲ್ಲಿಂದ ಬಂತು? ದೊಡ್ಡ ಊರು, ಏನು ಬೇಕಾದರೂ ಸಿಗುತ್ತಿರಬೇಕು ಅಂದುಕೊಂಡು, ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದೆ.

ಮಗನ ಮನೆ ಏಳನೇ ಮಾಳಿಗೆಯಲ್ಲಿ. ಮರುದಿನ ಮುಂಜಾನೆ ಮೊಮ್ಮಗಳ ಜೊತೆ ಲಿಫ್ಟಿನಲ್ಲಿ ಇಳಿಯುವಾಗ ಪಕ್ಕದ ಮನೆಯಾಕೆ ಸಿಕ್ಕರು. "ನಾಷ್ಟಾ ಆತೇನ್ರಿ?" ಅಂದೆ. ಅವರು ಸಣ್ಣಗೆ ನಕ್ಕು ಫೋನು ನೋಡತೊಡಗಿದರು. ಹೊರಗೆ ಬಂದಮೇಲೆ ಮೊಮ್ಮಗಳು, "ಅಜ್ಜಿ, ಆ ಆಂಟಿಗೆ ಕನ್ನಡ ಬರಲ್ಲ. ಬಂದರೂ ಲಿಫ್ಟಲ್ಲಿ ಯಾರೂ ಹಾಗೆ ಕೇಳಲ್ಲ" ಅಂದಳು. ನಮ್ಮೂರಲ್ಲಿ ಬಾವಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಮಂದಿಗೆ ಊಟದ ಲೆಕ್ಕ ಒಪ್ಪಿಸಿರುತ್ತೇವೆ! ಊರಿನ ಮೊಮ್ಮಕ್ಕಳಿಗೆ ನಾನು ಆಯಿ, ಇವಳಿಗೆ ಅಜ್ಜಿ. ಅದೂ ಬೆಂಗಳೂರಿನ ಕೊಡುಗೆ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ತಾಯಿಗೆ ಇಂಗ್ಲಿಷಿನಲ್ಲಿ ಏನೋ ಅಂದಳು. ಸೊಸೆಯ ಮುಖ ಸಣ್ಣದಾಯಿತು. ಕೇಳಿದರೆ ಹೇಳಲಿಲ್ಲ. ಕಡೆಗೆ ಮಗನೇ ಬಾಯಿ ಬಿಟ್ಟ: "ಅಜ್ಜಿ ಮಾತು ನಂಗೆ ಅರ್ಧ ತಿಳಿಯಲ್ಲ ಅಂದ್ಳು ಅವ್ವಾ." ನನಗೆ ರೊಟ್ಟಿ ಗಂಟಲಲ್ಲೇ ನಿಂತಿತು. ಮಾತೇ ತಿಳಿಯದ ಮೇಲೆ ನಾನು ಇಲ್ಲಿದ್ದು ಏನು ಮಾಡಲಿ?

ಮಗ ಗೋಡೆಯ ಮೇಲಿನ ಕರ್ನಾಟಕದ ನಕಾಶೆ ತೋರಿಸಿದ. ಮಕ್ಕಳೇ, ನೀವೂ ಒಮ್ಮೆ ನೋಡಿ. ನಮ್ಮ ರಾಜಧಾನಿ ರಾಜ್ಯದ ನಡುವೆ ಇಲ್ಲ, ಆಗ್ನೇಯ ಮೂಲೆಯಲ್ಲಿದೆ. ತಮಿಳುನಾಡಿನ ಹೊಸೂರು ಅಲ್ಲಿಂದ ಸುಮಾರು 40 ಕಿಲೋಮೀಟರು. ನಮ್ಮ ಧಾರವಾಡ 400 ದಾಟುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿದ ಊರು 1638ರಲ್ಲಿ ಬಿಜಾಪುರದ ಕೈಗೆ ಬಂದು ಶಹಾಜಿಗೆ ಜಹಗೀರಾಯಿತು, ಮರಾಠಿ ಬಂತು. 1809ರಲ್ಲಿ ಇಂಗ್ಲಿಷರ ದಂಡು ಬಂತು, ಸಿಪಾಯಿಗಳ ಜೊತೆ ತಮಿಳು ಬಂತು. 1940ರಿಂದ ವಿಮಾನ, ಟೆಲಿಫೋನು, ಗಡಿಯಾರದ ಕಾರ್ಖಾನೆಗಳು, ಆಮೇಲೆ ಕಂಪ್ಯೂಟರು. 2011ರ ಜನಗಣತಿಯಲ್ಲಿ ರಾಜ್ಯದ ಮೂರರಲ್ಲಿ ಸುಮಾರು ಎರಡು ಪಾಲು ಜನ ತಮ್ಮ ಮನೆಮಾತು ಕನ್ನಡ ಎಂದರೆ, ಬೆಂಗಳೂರು ನಗರ ಜಿಲ್ಲೆಯಲ್ಲಿ ಹಾಗೆಂದವರು ಅರ್ಧಕ್ಕಿಂತ ಕಡಿಮೆ. ನಾವೇನು ಕಡಿಮೆಯೇ? 1956ರ ತನಕ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು, ಬೆಂಗಳೂರು ಮೈಸೂರಿನಲ್ಲಿ. ನಮ್ಮ ಮಾತಿನಲ್ಲಿ ಎಷ್ಟು ಮರಾಠಿ ಸೇರಿದೆಯೋ ನಮಗೇ ಗೊತ್ತಿಲ್ಲ.

ಇಷ್ಟೆಲ್ಲ ಕೇಳಿ ತಲೆಗೆ ಸಮಾಧಾನವಾಯಿತು, ಹೊಟ್ಟೆಗೆ ಆಗಲಿಲ್ಲ.

ಸೋಮವಾರ ಬಸವನಗುಡಿಗೆ ಹೋದೆವು. ಕಾರ್ತಿಕದ ಕಡೆಯ ಸೋಮವಾರದ ಪರಿಷೆ ಅದು. ರಸ್ತೆಯ ಎರಡೂ ಕಡೆ ರಾಶಿ ರಾಶಿ. ಹತ್ತಿರ ಹೋಗಿ ನೋಡುತ್ತೇನೆ, ಶೇಂಗಾ! ಕಡ್ಲೆಕಾಯಿ ಅಂತ ನನ್ನನ್ನು ಇಷ್ಟು ದೂರ ಕರೆಸಿದ್ದು ಶೇಂಗಾಕ್ಕೆ. ನಗು ತಡೆಯಲಾಗಲಿಲ್ಲ.

ಚಿಂತಾಮಣಿ ಕಡೆಯ ಹೆಂಗಸೊಬ್ಬಳು ಗೋಣಿಚೀಲದ ಮೇಲೆ ರಾಶಿ ಹಾಕಿಕೊಂಡು ಕೂತಿದ್ದಳು. "ಶೇಂಗಾ ಹೆಂಗ ಕೊಡ್ತಿ ಯವ್ವಾ?" ಅಂದೆ.

"ಶೇಂಗಾನಾ? ನಮ್ತಾವ ಅದಿಲ್ಲ ಕಣಮ್ಮಾ. ಇರೋದು ಕಡ್ಲೆಕಾಯೇ."

ರಾಶಿ ಕಣ್ಣ ಮುಂದಿದೆ, ಇಬ್ಬರೂ ಕನ್ನಡದವರೇ, ವ್ಯಾಪಾರ ಮಾತ್ರ ಆಗುತ್ತಿಲ್ಲ! ಆಗ ಮೊಮ್ಮಗಳು ನಡುವೆ ಬಂದಳು. "ಅಜ್ಜಿಗೆ ಇದೇ ಬೇಕು ಆಂಟಿ. ಅವರೂರಲ್ಲಿ ಕಡ್ಲೆಕಾಯಿಗೆ ಶೇಂಗಾ ಅಂತಾರೆ." ಆಮೇಲೆ ಆ ಹೆಂಗಸಿನ ಜೊತೆ ತೆಲುಗಿನಲ್ಲಿ ಚೌಕಾಸಿಗಿಳಿದಳು. ಎದುರು ಮನೆಯ ಗೆಳತಿಯಿಂದ ಕಲಿತದ್ದಂತೆ. ಸೇರು ಅಳೆದ ಮೇಲೆ ಮೇಲೊಂದು ಬೊಗಸೆ ಕೊಸರೂ ಸಿಕ್ಕಿತು. ನನ್ನ ಮಾತು ಅರ್ಧವೇ ತಿಳಿಯುತ್ತದೆ ಅಂದವಳು ಆ ಅರ್ಧವನ್ನು ಎಲ್ಲಿ ಬೇಕೋ ಅಲ್ಲಿ ಬಳಸಿದ್ದಳು.

ಗುಡಿಯೊಳಗೆ ದೊಡ್ಡ ಬಸವಣ್ಣ. ಒಂದೇ ಬಂಡೆಯದು, ಸುಮಾರು 15 ಅಡಿ ಎತ್ತರ. ಹಿಂದೆ ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರ ಕಡ್ಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗುತ್ತಿದ್ದನಂತೆ. ಹೊಡೆಯಹೋದರೆ ಕಲ್ಲಾದನಂತೆ. ಆಮೇಲೆ ಮೊದಲ ಬೆಳೆ ಅವನಿಗೇ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು, ಅಷ್ಟು ಹಿಂದೆ ಇಲ್ಲಿ ಎಲ್ಲಿತ್ತು ಅಂತ ಮಗ ತಕರಾರು ತೆಗೆದ. ಕಥೆಗೆ ರಸೀದಿ ಕೇಳಬಾರದು ಅಂದೆ. ಆ ಹಳ್ಳಿಗಳೆಲ್ಲ ಈಗ ಬೆಂಗಳೂರಿನ ಬೀದಿಗಳಾಗಿವೆ. ಹೊಲ ಹೋಗಿದೆ, ಬಸವ ಕೂತಿದ್ದಾನೆ.

"ನಮ್ಮೂರಾಗ ಮಣ್ಣೆತ್ತಿನ ಅಮಾಸಿಗೆ ಇಷ್ಟಿಷ್ಟು ಬಸವಣ್ಣನ್ನ ನಾವೇ ಮಾಡ್ತೀವಿ" ಅಂತ ಅಂಗೈ ತೋರಿಸಿದೆ. ಕಾರಹುಣ್ಣಿಮೆ ಮುಗಿದು ಬರುವ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು, ಮೇವು ತಿನ್ನಲು ಗೋದಲಿ, ಕಣ್ಣಿಗೆ ಗುಲಗಂಜಿ. ಅವಳು ಇದನ್ನು ಕೇಳಿಯೇ ಇರಲಿಲ್ಲ. ಮಳೆಗಾಲದ ಬೇಸಾಯ ಕಾಣದ ಊರಿನಲ್ಲಿ ಹೇಗೆ ಕೇಳಿಯಾಳು?

"ಈಗಲೇ ಮಾಡೋಣ ಅಜ್ಜಿ" ಅಂದಳು. ಸಂಜೆ ಮನೆಗೆ ಬಂದು ಇಬ್ಬರೂ ಕೆಳಗಿಳಿದು ಮಣ್ಣು ಹುಡುಕಿದೆವು. ಎಲ್ಲಿ ನೋಡಿದರೂ ಕಲ್ಲುಹಾಸು, ಸಿಮೆಂಟು. ಹೂಕುಂಡದಿಂದ ಒಂದು ಹಿಡಿ ಕೆಂಪು ಮಣ್ಣು ತೆಗೆದಳು. ಅದರಲ್ಲಿ ತೆಂಗಿನ ನಾರಿನ ಪುಡಿಯೇ ಹೆಚ್ಚು. ಎತ್ತಿನ ಕೊಂಬು ನಿಲ್ಲಲೇ ಇಲ್ಲ.

ಊರಿಗೆ ಬಂದು ಬಹಳ ದಿನವಾಯಿತು. ಇರುವ ವಿಷಯಕ್ಕೆ ಮಗನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಮೊಮ್ಮಗಳು ಮಾತ್ರ ಭಾನುವಾರಕ್ಕೊಮ್ಮೆ ಫೋನು ಮಾಡಿ, "ಆಯಿ, ಮಣ್ಣು ತಂದಿಟ್ಯಾ?" ಅನ್ನುತ್ತಾಳೆ. ಹೌದು, ಈಗ ಆಯಿ ಅನ್ನುತ್ತಾಳೆ. ಕೆರೆಯ ದಂಡೆಯಿಂದ ಎರೆಮಣ್ಣು ತರಿಸಿ, ಜರಡಿ ಹಿಡಿದು, ಒಂದು ಚೀಲ ಕಟ್ಟಿಟ್ಟಿದ್ದೇನೆ. ರೈಲಿನಲ್ಲಿ ಮಣ್ಣಿನ ಚೀಲ ಒಯ್ಯುವ ಮುದುಕಿಯನ್ನು ನೋಡಿ ಜನ ಏನಂದುಕೊಳ್ಳುತ್ತಾರೋ.